ಕಂಡಕ್ಟರ ಆರಾಮಕುರ್ಚಿ

ಜಗಳ ಹುಟ್ಟಿದ್ದು ತರಕಾರಿ ಚೀಲದಿಂದ. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲ. ಚೀಲ ಹೊತ್ತು ತರುವವರು ಯಾರು? ಬಸ್ ಕಂಡಕ್ಟರಾಗಿ ನಿವೃತ್ತರಾದ ಯಜಮಾನರು ಮಂಡಿ ಮುಟ್ಟಿಕೊಂಡು "ಅಯ್ಯಪ್ಪಾ" ಎಂದು ಆರಾಮಕುರ್ಚಿಗೆ ಒರಗಿದರು.

"ಜೀವಮಾನವಿಡೀ ನಿಂತೇ ದುಡಿದೆ ಕಣೇ. ಇನ್ನಾದ್ರೂ ಕೂರೋಕೆ ಬಿಡು."

"ಕೂರಿ, ಬೇಡ ಅಂದೋರ್ಯಾರು? ಕೆಳಗೆ ಹಾಲ್‌ನಲ್ಲಿ ಇವತ್ತು ವಯಸ್ಸಾದೋರ ಮೈಕಸುವು ಪರೀಕ್ಷೆ ಮಾಡ್ತಿದ್ದಾರೆ. ನಿಮ್ಮ ಕೈಲಾಗಲ್ಲ ಅಂತ ಡಾಕ್ಟ್ರಮ್ಮ ಒಂದು ಮಾತು ಹೇಳ್ಲಿ, ಆಮೇಲೆ ನಿಮ್ಮನ್ನ ಕುರ್ಚಿಯಿಂದ ಎಬ್ಬಿಸಿದ್ರೆ ಕೇಳಿ," ಎಂದರು ಹೆಂಡತಿ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಫೇಲಾಗುವುದೇನು ಮಹಾ ವಿದ್ಯೆಯೇ? ಕಂಡಕ್ಟರು ಕುಂಟುತ್ತ ಇಳಿದರು, ಹಿಂದೆಯೇ ಹೆಂಡತಿ.

ಹಾಲ್‌ನಲ್ಲಿ ನೆಲಮಹಡಿಯ ಡ್ರೈವರು ಆಗಲೇ ಠಿಕಾಣಿ ಹೂಡಿದ್ದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಸವೆದವರು.

ಮೊದಲ ಪರೀಕ್ಷೆ, ಕೈ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂರುವುದು. ಕಂಡಕ್ಟರು ಒಮ್ಮೆ ಎದ್ದು ಕೂತವರು ಮತ್ತೆ ಏಳಲೇ ಇಲ್ಲ. ಡ್ರೈವರು ಕಂಕುಳಿಗೆ ಕೈ ಹಾಕಿ ಎತ್ತಲು ಬಂದರು.

"ಏಳಯ್ಯ! ಟಿಕೆಟ್ ಇಲ್ದೋನು ಇಳ್ದು ಓಡಿದ್ರೆ ಹೆಂಗೆ ಬೆನ್ನಟ್ತಿದ್ದೆ!"

"ಆ ಕಾಲ ಹೋಯ್ತು ಬಿಡಣ್ಣ."

ಕೈ ಹಿಡಿತ ಅಳೆಯುವ ಯಂತ್ರವನ್ನು ಮೊಟ್ಟೆ ಹಿಡಿದಂತೆ ಹಿಡಿದದ್ದಾಯಿತು. ಕಷ್ಟವಾದದ್ದು ಒಂಟಿ ಕಾಲಿನ ಪರೀಕ್ಷೆ. ಓಲಾಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಚಿಲ್ಲರೆ ಕೊಟ್ಟ ಕಾಲು ಅದು. ನಿಂತಿದ್ದು ನಿಂತೇ ಬಿಟ್ಟಿತು.

"ಭೇಷ್! ನಮ್ಮ ಕಂಡಕ್ಟ್ರು ಅಂದ್ರೆ ಸುಮ್ನೇನಾ!" ಡ್ರೈವರು ಚಪ್ಪಾಳೆ ತಟ್ಟಿದರು.

ಎಚ್ಚೆತ್ತ ಕಂಡಕ್ಟರು ಆ ಮಹಾನುಭಾವರ ಮೇಲೆಯೇ ಧೊಪ್ಪನೆ ಬಿದ್ದರು. ಇಬ್ಬರೂ ಸೇರಿ ಕುಡಿಯುವ ನೀರಿನ ಡ್ರಮ್ಮಿನ ಮೇಲೆ ಬಿದ್ದರು. ಹಾಲ್ ಕೆರೆಯಾಯಿತು.

"ಅಯ್ಯೋ, ಇಷ್ಟು ಕೈಲಾಗದೋರ್ನ ದಿನಾ ಬೈತಿದ್ನಲ್ಲ!" ಹೆಂಡತಿ ಕಣ್ಣೊರೆಸಿಕೊಂಡರು. ಕಂಡಕ್ಟರಿಗೆ ನಾಚಿಕೆಯಾಯಿತು. ಕುರ್ಚಿ ನೆನಪಾದ ಕೂಡಲೇ ನಾಚಿಕೆ ಹೋಯಿತು.

ಡಾಕ್ಟರಮ್ಮ ಮಂಡಿ ಒತ್ತಿ ನೋಡಿ, ಎದೆ ಬಡಿತ ಕೇಳಿ ಹೇಳಿದರು. "ಯಾವ ಕಾಯಿಲೆಯೂ ಇಲ್ಲ. ಕೂತೂ ಕೂತೂ ಶಕ್ತಿ ಹೋಗಿದೆ ಅಷ್ಟೆ. ಮಾತ್ರೆ ಬೇಡಮ್ಮ. ದಿನಾ ಮೆಟ್ಟಿಲು ಹತ್ತಿಸಿ, ಕೈಗೆ ಭಾರದ ಚೀಲ ಕೊಡಿ. ಆರಾಮಕುರ್ಚಿ ಇದ್ರೆ ಮೊದಲು ಮನೆಯಿಂದಾಚೆ ಹಾಕಿ."

ಕಂಡಕ್ಟರು ಕೈ ಮುಗಿದರು. "ಡಾಕ್ಟ್ರೇ, ಅದೆಲ್ಲ ನಾಟಕ! ಗುಂಡುಕಲ್ಲಿನ ಹಾಗಿದ್ದೀನಿ, ನೋಡಿ!" ಎಂದು ಬಡಬಡನೆ ಎದ್ದು ಕೂತು, ಎದ್ದು ಕೂತು ತೋರಿಸಿದರು.

ಹೆಂಡತಿಯ ಕಣ್ಣೀರು ಅಲ್ಲೇ ಇಂಗಿತು. "ಹಾಗೋ? ಹಾಗಾದ್ರೆ ಆಲೂಗಡ್ಡೆ ಮೂಟೆನೂ ನೀವೇ ತನ್ನಿ."

ಬಿದ್ದ ಏಟಿಗೆ ಡ್ರೈವರ ಸೊಂಟ ನಿಜವಾಗಿಯೂ ಉಳುಕಿತ್ತು. ವಾರವಿಡೀ ಒರಗಿ ಕೂತಿರಬೇಕೆಂದು ಅವರಿಗೆ ಅಪ್ಪಣೆಯಾಯಿತು. ಸಂಜೆ ಆರಾಮಕುರ್ಚಿ ನೆಲಮಹಡಿಗೆ ಇಳಿಯಿತು. ಇಳಿಸಿದವರು ಕಂಡಕ್ಟರೇ.

ಚೀಲ ಹೊತ್ತು ಮೆಟ್ಟಿಲ ತಿರುವಿನಲ್ಲಿ ಅವರು ಉಸಿರು ಬಿಡಲು ನಿಂತರೆ, ಕೆಳಗೆ ಆ ಕುರ್ಚಿ ಕಿರ್ರೆಂದಿತು.

"ಯಾಕಯ್ಯ ನಿಂತೆ? ಅಲ್ಲಿ ಸ್ಟಾಪಿಲ್ಲ. ರೈಟ್, ರೈಟ್!"