ನೀರು ಕೊಟ್ಟವರ ಋಣ

ನಮ್ಮ ಮನಿಗಿ ಇಂಥ ಪ್ರಸಂಗಗಳು ಕರೀಲಾರದೇ ಚಪ್ಪಲಿ ಬಿಟ್ಟು ಒಳಗ ಬರ್ತಾವ. ಕೇಳಿದವ್ರು ನಗ್ತಾರ, ಅಳಾಕಿ ನಾನು. ನಮ್ಮನಿಯವ್ರದು ಚಿತ್ತಾಪುರದಾಗ ಟೇಲರ್ ಅಂಗಡಿ. ಹೊಲ ಅಂತ ಗೇಣು ಜಾಗ ಇಲ್ಲ. ಅದಕ್ಕೇ ಏನೋ, ಫೋನಿನ್ಯಾಗ ಒಕ್ಕಲುತನ ಮಾಡೋ ಗೇಮ್ ಹಿಡಿದಾರ.

ಹಸಿದ ಆಕಳು

ಒಂದಿನ ನಮ್ಮ ಆಡು ಹಗ್ಗ ಹರ್ಕೊಂಡು ಓಡ್ತು. "ಎಲ್ಲಿಗಿ ಹೋಗ್ತದ, ಬರ್ತದ ಬಿಡು" ಅಂತ ಇವ್ರು ಕುಂತಲ್ಲೇ ಕುಂತ್ರು. ನಾನೇ ಸ್ಟೇಷನ್ ತನಕ ಓಡಿ, ಹಿಡ್ಕೊಂಡು ಬಂದು ನೋಡ್ತೀನಿ, ಇವ್ರು ರೊಟ್ಟಿ ಮುಂದಿಟ್ಕೊಂಡು ಕಣ್ಣೀರು ತುಂಬ್ಕೊಂಡಾರ. ಫೋನಿನ್ಯಾಗಿನ ಆಕಳಿಗಿ ಹಸಿವಾಗ್ಯಾದಂತ, ತುತ್ತು ಇಳೀವಲ್ದಂತ. ಮುಂಜಾನಿಂದ ನಾನೂ ಉಂಡಿದ್ದಿಲ್ಲ. ಏನು ಮಾಡೋದು, ಆಕಳಿಗಿ ಹಸಿವಾದ್ರ ಫೋನಿನ್ಯಾಗ ಗಂಟಿ ಬಡೀತದ, ನನಗ ಬಡಿಯಂಗಿಲ್ಲ.

ಜಾಹೀರಾತು

ಮೊದಲು ಟಿವಿಯಾಗ ಜಾಹೀರಾತು ಬಂದ್ರ ಬೈದು ಬಂದ್ ಮಾಡ್ತಿದ್ರು. ಸಂತಿಯಾಗ ಬದನಿಕಾಯಿ ಮಾರಾಕಿ ಮಾತೂ ನಂಬಂಗಿಲ್ಲ. ಈಗ ಒಂದು ಜಾಹೀರಾತು ನೋಡಿದ್ರ ಗೇಮಿನ ಬೆಳಿಗಿ ಒಂದು ಕೊಡ ನೀರು ಸಿಗ್ತದಂತ. ಅದಕ್ಕ ಪುರಾಣ ಕೇಳಿದಂಗ ಕೈಕಟ್ಟಿ ಕುಂತು ಪೂರಾ ನೋಡ್ತಾರ. ನೋಡಿದ್ದೆಲ್ಲ ತರಸ್ತಾರ ಬ್ಯಾರೆ. ಬೋಳು ತಲಿಗಿ ಕೂದಲ ಎಣ್ಣಿ ಬಂತು. ಆಮ್ಯಾಲ ನಾಯಿ ಸೋಪು ಬಂತು. ನಮ್ಮನ್ಯಾಗ ನಾಯೇ ಇಲ್ಲಲ್ರೀ ಅಂದೆ.

"ಪಾಪ, ದಿನಾ ಪುಕ್ಕಟೆ ನೀರು ಕೊಡ್ತಾರ. ನೀರು ಕೊಟ್ಟವರ ಋಣ ಇಟ್ಕೋಬಾರದು."

ಮನಿ ನಳಕ್ಕ ನೀರು ಬರಲಾರದೇ ಆಗ ವಾರಾಗಿತ್ತು.

ಸಕ್ಕರಿ

ಮಗಳನ್ನ ನೋಡಾಕ ಸೇಡಂನಿಂದ ಮಂದಿ ಬಂದ್ರು. ಹುಡುಗ ಭಾಳ ಛಲೋ, ಮಗಳ ಮನಸಿಗೂ ಬಂದಿದ್ದ. ಇದು ಮುರೀಬಾರದು ಅಂತ ನನ್ನ ಜೀವ ಕೈಯಾಗಿತ್ತು. ಫೋನ್ ತೆಗ್ಯಂಗಿಲ್ಲ ಅಂತ ಇವ್ರ ಕಡಿಂದ ಆಣಿ ಹಾಕಿಸ್ಕೊಂಡೆ. ತರಿಸಿದ ಸಾಮಾನೆಲ್ಲ ಮಂಚದ ಕೆಳಗ ತುರುಕಿದೆ.

ಹುಡುಗನ ತಾಯಿ ಕೈಕಾಲು ತೊಳ್ಯಾಕ ಬಚ್ಚಲಮನಿಗಿ ಹೋದ್ರು. ಇತ್ತ ಹುಡುಗನ ತಂದಿ ಸಹಜ ಕೇಳಿದ್ರು, ಹೊಲ ಗಿಲ ಅದಾವೇನ್ರಿ ಅಂತ. ಇವ್ರು ಎದಿ ಉಬ್ಬಿಸಿ, "ಅದಾವ್ರಿ, ದ್ರಾಕ್ಷಿ ಕಟಾವಿಗಿ ಬಂದದ" ಅಂದು ಫೋನ್ ತೆಗದೇ ಬಿಟ್ರು. ಭೂಮಿ ಬಾಯಿ ಬಿಟ್ರ ಸಾಕು ಅನಿಸ್ತು. ಹುಡುಗನ ತಂದಿ ಚಷ್ಮಾ ಏರಿಸಿ ನೋಡಿದ್ರು.

ಅಷ್ಟರಾಗ ಹುಡುಗನ ತಾಯಿ ಹೊರಗ ಬಂದ್ರು. ಕೈಯಾಗ ನಾಯಿ ಚಿತ್ರದ ಸೋಪಿನ ಡಬ್ಬಿ. ಅದೊಂದು ಮುಚ್ಚಿಡಾಕ ಮರ್ತಿದ್ದೆ. ಇನ್ನ ಮುಗೀತು ಮಗಳ ಹಣೇಬರ ಅಂದ್ಕೊಂಡೆ. ಅವ್ರು ನನ್ನ ಬಾಜೂಕ ಕುಂತು ಮೆಲ್ಲಗ ಕೇಳಿದ್ರು.

"ನಿಮ್ಮನ್ಯಾಗ ನಾಯಿ ಅದೇನ್ರಿ?"

ಇಲ್ರಿ ಅಂದೆ.

"ನಮ್ಮನ್ಯಾಗೂ ಇಲ್ರಿ. ಇದೇ ಸೋಪು ಮಾತ್ರ ಕಪಾಟ ತುಂಬ ಅದ."

ತಲಿ ಎತ್ತಿ ನೋಡಿದೆ. ಅವ್ರ ಗಂಡನೂ ಜೇಬಿನಿಂದ ಫೋನ್ ತೆಗದು, ನಮ್ಮನಿಯವ್ರ ಮಗ್ಗಲಾಗ ಕೈಕಟ್ಟಿ ಕುಂತು ಜಾಹೀರಾತು ನೋಡಲಿಕತ್ತಿದ್ರು.

ಲಗ್ನದ ಮಾತು ಪಕ್ಕಾ ಆತು, ಎಲ್ಲಾರ ಬಾಯಿಗಿ ಸಕ್ಕರಿ ಹಾಕಿದ್ವಿ. ಆ ಇಬ್ರು ಗಂಡಸರು ಬಾಯಿ ತೆಗದ್ರು, ಕಣ್ಣು ಎತ್ತಲಿಲ್ಲ. ನಾವಿಬ್ರು ಬೀಗತ್ಯಾರು ಕೈ ಕೈ ಹಿಡ್ಕೊಂಡು ಅತ್ತಿದ್ದೇ ಅತ್ತಿದ್ದು. ನೋಡಿದ ಮಂದಿ, ಪಾಪ, ಸಂತೋಷಕ್ಕ ಅಳಾಕತ್ತಾರ ಅಂದ್ರು.