ಸದ್ದಿಲ್ಲದ ಕಂಪ್ಯೂಟರ್ ಹುಡುಕಿದ್ದು

ಶಿರಸಿಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ ಇಟ್ಟವನಿಗೆ ನಗಲಿಕ್ಕೆ ಬೇರೆ ಏನೂ ಬೇಡ, ಗಿರಾಕಿಗಳೇ ಸಾಕು. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಉಮ್ಮಚಗಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಬಂದರು ನೋಡಿ, ಒಂದು ತಿಂಗಳು ನನಗೆ ಬೇರೆ ಕೆಲಸವೇ ಹಿಡಿಸಲಿಲ್ಲ.

೧. ಎಷ್ಟು ಹಿಡೀತು?

ಮಾಸ್ತರರು ಊರೂರು ತಿರುಗಿ ತಾವೇ ರೆಕಾರ್ಡ್ ಮಾಡಿದ, ವೇಷವಿಲ್ಲದೆ ಕೂತು ಪದ್ಯ ಹಾಡಿ ಅರ್ಥ ಹೇಳುವ ಯಕ್ಷಗಾನ ತಾಳಮದ್ದಳೆಯ ಕ್ಯಾಸೆಟ್ಟುಗಳು ಮುನ್ನೂರು ಇದ್ದವು. ಬೂಸರು ಹಿಡಿಯುವ ಮೊದಲು ಅಷ್ಟೂ ಒಂದು ಕಂಪ್ಯೂಟರಿನೊಳಗೆ ಹೋಗಬೇಕು, ಜಗಲಿಯಲ್ಲೂ ಅಡುಗೆಮನೆಯಲ್ಲೂ ಕೇಳಬೇಕು. ಅಂಥದ್ದನ್ನು ನಾನು ಅದುವರೆಗೆ ಕಟ್ಟಿಯೇ ಇರಲಿಲ್ಲ. ಖುಷಿಯೋ ಖುಷಿ.

“ಎಂಬತ್ತು ಜಿಬಿ ಡಿಸ್ಕ್ ಧಾರಾಳ ಆಯ್ತು ಮಾಸ್ತರ್ರೆ,” ಅಂದೆ.

“ಜಿಬಿ ಗಿಬಿ ಯಂಗೆ ತಿಳೀತಿಲ್ಲೆ ತಮಾ. ಎಷ್ಟು ಪ್ರಸಂಗ ಹಿಡೀತು, ಅದ್ನ ಹೇಳು.”

ಲೆಕ್ಕ ಹಾಕಿ ಹೇಳಿದೆ. ಸಮಾಧಾನವಾಗಲಿಲ್ಲ. “ಅದು ಪದ್ಯಕ್ಕೆ ಸಾಕು. ಅರ್ಥ ಹೇಳದು ಸುರುವಾದ್ರೆ ಮುಗೀತಿಲ್ಲೆ. ಅರ್ಥಕ್ಕೆ ಬೇರೆ ಡಿಸ್ಕ್ ಹಾಕು.”

೨. ಕಿವಿಯ ಪರೀಕ್ಷೆ

ಅವರ ಷರತ್ತು ಒಂದೇ. ಪೆಟ್ಟಿಗೆಯಿಂದ ಒಂಚೂರೂ ಸದ್ದು ಬರಬಾರದು. “ಮುನ್ನೂರು ಕ್ಯಾಸೆಟ್ ತುಂಬೋ ತನಕ ಒಂದು ಮಾತು ಬಿಡದೇ ಕೂತು ಕೇಳಿದವ ಆನು. ಗುಂಯ್ ಅಂದ್ರೆ ವಾಪಸ್ ತಗಂಡು ಹೋಗು.”

ಅಂಗಡಿಯಲ್ಲಿದ್ದ ಫ್ಯಾನುಗಳನ್ನೆಲ್ಲ ಒಂದೊಂದಾಗಿ ಓಡಿಸಿದೆ. ಅವರು ಕ್ಯಾಬಿನೆಟ್ಟಿಗೆ ಕಿವಿ ಹಚ್ಚುವರು, ಕಣ್ಣು ಮುಚ್ಚುವರು, ಬೇಡವೆಂದು ತಲೆ ಅಲ್ಲಾಡಿಸುವರು. ಎಕ್ಕಂಬಿ ಕಡೆಯ ರೈತರೊಬ್ಬರು ಅರ್ಜಿ ಪ್ರಿಂಟ್ ಮಾಡಿಸಲು ಬಂದವರು ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ಅದಕ್ಕ ಆರಾಮಿಲ್ಲೇನ್ರಿ? ಡಾಕ್ಟರು ಏನಂತಾರ?”

೩. ಮಾಸ್ತರರ ಜಗಲಿ

ಕೊನೆಗೆ ಹುಬ್ಬಳ್ಳಿಯಿಂದ ತರಿಸಿದ, ದೊಡ್ಡ ರೆಕ್ಕೆಯ ನಿಧಾನದ ಫ್ಯಾನು ಪಾಸಾಯಿತು. ಕ್ಯಾಸೆಟ್ಟುಗಳನ್ನು ಅಂಗಡಿಯ ಗಲಾಟೆಯಲ್ಲೇ ಡಿಸ್ಕಿಗೆ ಇಳಿಸಿದೆ. ಕೂತು ಕೇಳುವ ಪುರುಸೊತ್ತು ಯಾರಿಗಿತ್ತು? ಒಂದು ಮಧ್ಯಾಹ್ನ ಮಾಸ್ತರರ ಮನೆಯಲ್ಲಿ ಎಲ್ಲ ಜೋಡಿಸಿದೆ. ಕೇಳಲಿಕ್ಕೆ ನೆರೆಮನೆಯವರೂ ಬಂದಿದ್ದರು. ಹೊಸ ಸ್ಪೀಕರಿನಲ್ಲಿ ಭಾಗವತರ ದನಿ ಬಂದ ಚಂದಕ್ಕೆ ನನಗೇ ಮೈ ಜುಮ್ಮೆಂದಿತು.

ಅರ್ಧ ತಾಸಿಗೆ ಶುರುವಾಯಿತು. ಗೊರ್ರ್... ಗೊರ್ರ್...

ಮಾಸ್ತರರ ಮುಖ ಕೆಂಪಾಯಿತು. “ಇದೆಂತ ತಮಾ? ತಗಂಡು ಹೋಗು ಇದ್ನ.”

ಗಡಬಡಿಸಿ ಪೆಟ್ಟಿಗೆ ಬಿಚ್ಚಿದೆ. ಫ್ಯಾನಿನ ವಯರು ಕಿತ್ತೆ. ಗೊರ್ರ್. ಪೆಟ್ಟಿಗೆಯನ್ನೇ ಮೇಜಿನಿಂದ ಎತ್ತಿ ಹಿಡಿದೆ. ಗೊರ್ರ್. ತಾಳಮದ್ದಳೆ ನಿಲ್ಲಿಸಿದೆ, ಸದ್ದೂ ನಿಂತಿತು. ಇನ್ನೊಂದು ಪ್ರಸಂಗ ಹಚ್ಚಿ ಮುಂದೆ ಓಡಿಸಿದೆ, ಅಲ್ಲೂ ಅದೇ ಗೊರ್ರ್. ಹಳೇ ಟೇಪ್ ರೆಕಾರ್ಡರಿನ ಕರಕರದೊಳಗೆ ಇಷ್ಟು ವರ್ಷ ಅಡಗಿ ಕೂತದ್ದು ಈಗ ಸ್ವಚ್ಛ ಕೇಳುತ್ತಿತ್ತು. ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವರು ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು.

ಮಾಸ್ತರರ ಹೆಂಡತಿ ಅಡುಗೆಮನೆಯಿಂದಲೇ ಅಂದರು, “ಮಿಷನ್ ಬಿಚ್ಚಡ ತಮಾ. ಈ ರಾಗ ಯಂಗೆ ಮದ್ವೆ ಆದಾಗಿಂದ ಗೊತ್ತಿದ್ದು.”

ನೆರೆಯವರು ನಕ್ಕೂ ನಕ್ಕೂ ಸುಸ್ತಾದರು. ಮಾಸ್ತರರು ನನ್ನ ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋಗಿ, ಕಿವಿಯಲ್ಲಿ ಕೇಳಿದರು:

“ತಮಾ, ನಿನ್ನ ಅಂಗಡಿಲಿ ಎಲ್ಲಕ್ಕಿಂತ ಜೋರು ಸದ್ದು ಮಾಡೋ ಫ್ಯಾನ್ ಯಾವ್ದಿದ್ದು?”