ಬುಷ್ಷು, ಸದ್ದು ಮತ್ತು ನನ್ನ ಬೋರ್ಡು

ಹಳೇ ಕಾರು ರಿಪೇರಿ ಮಾಡುವವನ ಶೆಡ್ಡಿಗೆ ಕಾರಿನ ಹಿಂದೆಯೇ ಅದರ ಮನೆಯ ಸಮಾಚಾರವೂ ಬಂದುಬಿಡುತ್ತದೆ, ಬೇಡವೆಂದರೂ ಬಿಡುವುದಿಲ್ಲ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ನನ್ನ ಶೆಡ್ಡು ಇತ್ತು. ಆಗಿನ್ನೂ ಊರಲ್ಲಿ ಓಡುತ್ತಿದ್ದವು ಹೆಚ್ಚಾಗಿ ಅಂಬಾಸಿಡರ್‌ಗಳೇ. ಗಾಲಿ ಹಿಡಿದ ಕಬ್ಬಿಣದ ತೋಳುಗಳ ಕೀಲಿನಲ್ಲಿ ರಬ್ಬರಿನ ಬುಷ್ಷುಗಳಿರುತ್ತವೆ. ಅವು ಸವೆದರೆ ಗುಂಡಿ ಸಿಕ್ಕಾಗೆಲ್ಲ ಕಾರು ಕಟಕಟ ಎನ್ನುತ್ತದೆ. ಆ ಸದ್ದು ಓಡಿಸುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಜಂಬವಲ್ಲ, ಬೋರ್ಡಿನ ಮೇಲೇ ಬರೆಸಿದ್ದೆ: ‘ಇಲ್ಲಿ ಸದ್ದು ಹೋಗುತ್ತದೆ’.

೧

ಬಸ್ ಸ್ಟ್ಯಾಂಡಿನ ಟ್ಯಾಕ್ಸಿ ಡ್ರೈವರೊಬ್ಬ ಪ್ರಯಾಣಿಕರಿಗೆ ಕಟಕಟ ಕೇಳಬಾರದೆಂದು ಟೇಪ್ ರೆಕಾರ್ಡರನ್ನು ಕಿವಿ ಕಿತ್ತುಹೋಗುವಷ್ಟು ಜೋರಾಗಿ ಹಾಕುತ್ತಿದ್ದ. ನಾನು ಬುಷ್ ಬದಲಿಸಿ ಕಳಿಸಿದೆ. ಮಾರನೇ ದಿನ ಬೆಳಿಗ್ಗೆಯೇ ಹಾಜರಾದ.

“ಲೇ, ನನ್ನ ಟೇಪಿಗೆ ಏನ್ ಮಾಡ್ದೆ? ಹಾಡೆಲ್ಲ ಸಪ್ಪೆ ಆಗೈತೆ!”

ಕೂತು ಕೇಳಿದೆ. ಹಾಡು ಸರಿಯಾಗಿಯೇ ಇತ್ತು. ಒಂದು ಸ್ಪೀಕರ್ ಮಾತ್ರ ಯಾವ ಕಾಲದಲ್ಲೋ ಹರಿದುಹೋಗಿ ತಾಳವೇ ಕೇಳುತ್ತಿರಲಿಲ್ಲ. ತೋರಿಸಿದೆ. ಅವನು ತಲೆ ಕೆರೆದುಕೊಂಡ.

“ಹಂಗಾರೆ ಇಷ್ಟು ದಿನ ತಬಲಾ ಬಾರಿಸ್ತಿದ್ದದ್ದು ನನ್ನ ಬುಷ್ಷಾ?”

೨

ರಿಟೈರಾದ ಮೇಷ್ಟ್ರೊಬ್ಬರು ಬಲು ಹಿಡಿತದ ಮನುಷ್ಯ. “ಎಡಗಡೇವು ಮಾತ್ರ ಹಾಕಪ್ಪ, ಬಲಗಡೇವು ಇನ್ನೂ ಬರ್ತಾವೆ” ಎಂದರು. ಹಾಕಿದೆ. ತೆಗೆದ ಹಳೇ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡುವುದು ನನ್ನ ಪದ್ಧತಿ. ಕೆಲಸ ಮಾಡಿದ್ದಕ್ಕೆ ಅದೇ ಸಾಕ್ಷಿ. ವಾರದ ನಂತರ ಅವರ ಹೆಂಡತಿಯೇ ಶೆಡ್ಡಿಗೆ ಬಂದರು. ಏನು ಎಡವಟ್ಟಾಯಿತೋ ಎಂದು ಎದ್ದು ನಿಂತೆ.

“ಆ ಎರಡು ರಬ್ಬರು ಮಿಕ್ಸಿ ಕಾಲಿಗೆ ಕೊಟ್ಟೆ ಕಣಪ್ಪ. ಆ ಕಡೆ ಕುಣಿಯೋದು ನಿಂತೈತೆ. ಇನ್ನೆರಡು ಕಾಲು ಉಳಿದಾವೆ. ಬಲಗಡೇವು ಯಾವಾಗ ಸವೀತಾವೆ?”

“ಗುಂಡಿ ರಸ್ತೇಲಿ ಓಡಿಸಿದ್ರೆ ಬೇಗ ಸವೀತಾವಮ್ಮ” ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ತಿಂಗಳು ಕಳೆಯುವುದರೊಳಗೆ ಮೇಷ್ಟ್ರು ಸೊಂಟ ಹಿಡಿದುಕೊಂಡು ಬಂದರು. “ಬಲಗಡೇವನ್ನೂ ಬಿಚ್ಚಿಬಿಡಪ್ಪ. ಹಾಲು ತರೋಕೂ ಉಳ್ಳಾರ್ತಿ ಕಾವಲ್ ಗುಂಡಿ ರಸ್ತೇಲಿ ಸುತ್ಕೊಂಡು ಬಾ ಅಂತಾಳೆ!”

೩

ಮೊಳಕಾಲ್ಮುರಿನ ಸಾವುಕಾರರೊಬ್ಬರು ಮನೆಯಲ್ಲೇ ಆರು ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯಿಸುತ್ತಿದ್ದರು. ಅವರ ಕಾರು ಬಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತು.

“ಏಮಯ್ಯಾ, ಸದ್ದು ಪೂರ್ತಿ ಹೋಗ್ತೈತಾ? ಮತ್ತೆ ಬಂದ್ರೆ?”

“ಬಂದ್ರೆ ಬೋರ್ಡು ಇಳಿಸ್ತೀನಿ ಸಾವ್ಕಾರ್ರೇ” ಎಂದೆ, ಸುತ್ತ ನಾಲ್ಕು ಜನ ಕೇಳುವ ಹಾಗೆ.

ನಾಲ್ಕೂ ಕಡೆ ಹೊಸ ಬುಷ್ ಹಾಕಿದೆ. ಕಾರು ಬೆಕ್ಕಿನ ಹಾಗೆ ಹೋಯಿತು. ಎಂಟು ದಿನಕ್ಕೆ ಅದೇ ಕಾರು ಟಕಟಕ ಎನ್ನುತ್ತ ವಾಪಸ್ ಬಂತು! ಸಾವುಕಾರರು ಇಳಿದವರೇ ನನ್ನನ್ನು ನೋಡಲಿಲ್ಲ, ಬೋರ್ಡನ್ನು ನೋಡಿದರು. ನನ್ನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಆ ಹೆಸರಿನ ಮೇಲೆ.

ಬುಷ್ಷುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದೆ. ಬಂಡೆಯ ಹಾಗೆ ಕೂತಿದ್ದವು. ಕೊನೆಗೆ ಹಿಂದಿನ ಬಂಪರಿನೊಳಗೆ ಕೈ ಹಾಕಿದರೆ ಏನೋ ತೂಗಾಡುತ್ತಿತ್ತು. ನೋಡಿದರೆ ಮಗ್ಗದ ಹಳೇ ಮರದ ಲಾಳಿ! ಯಾರೋ ರೇಷ್ಮೆ ದಾರ ಹುರಿ ಮಾಡಿ ಕಟ್ಟಿದ್ದರು. ಗುಂಡಿ ಸಿಕ್ಕಾಗೆಲ್ಲ ಅದು ಬಂಪರಿಗೆ ಬಡಿಯುತ್ತಿತ್ತು.

“ನಮ್ಮ ನೇಕಾರರದ್ದೇ ಕೆಲಸ!” ಎಂದು ಸಾವುಕಾರರು ಕೆಂಡವಾದರು. “ನಾನು ಬರೋದು ಕೇಳಿದ್ರೆ ಇಸ್ಪೀಟು ಮುಚ್ಚಿಟ್ಟು ಮಗ್ಗಕ್ಕೆ ಕೂರಬಹುದಲ್ಲ! ಇವತ್ತು ಒಬ್ಬೊಬ್ಬರನ್ನೂ ಮನೆಗೆ ಕಳಿಸ್ತೀನಿ!”

ಲಾಳಿ ಕಿತ್ತುಕೊಳ್ಳಲು ಬಗ್ಗಿದವರು ಗಂಟು ನೋಡಿ ಹಾಗೇ ನಿಂತರು. ನೇಕಾರನ ಗಂಟು ಕಣ್ಣಿಗೇ ಕಾಣುವುದಿಲ್ಲ. ಇದು ಮೂರು ಸುತ್ತು ಸುತ್ತಿ, ಎರಡು ಕಿವಿ ಬಿಟ್ಟ ದಪ್ಪ ಗಂಟು. ಹೋಗಿ ಸೀಟಿನ ಮೇಲಿದ್ದ, ಹೆಂಡತಿ ಕಟ್ಟಿಕೊಟ್ಟ ಬುತ್ತಿ ಗಂಟನ್ನು ತಂದು ಪಕ್ಕಕ್ಕೆ ಹಿಡಿದರು. ಅದಕ್ಕೂ ಮೂರು ಸುತ್ತು, ಎರಡು ಕಿವಿ.

ನಗು ತಡೆಯಲು ನಾನು ಕಾರಿನಡಿ ಸೇರಿಕೊಂಡೆ.

ಅವರು ನೇರ ಎದುರಿನ ಎಸ್‌ಟಿಡಿ ಬೂತಿಗೆ ನಡೆದರು. ಫೋನಿನ ಆ ಕಡೆಯ ದನಿ ರಸ್ತೆ ದಾಟಿ ನನಗೂ ಕೇಳಿಸಿತು. “ಹೌದ್ರೀ, ನಾನೇ ಕಟ್ಟಿದ್ದು! ನಿಮ್ಮ ಕಾರು ಕೆರೆ ಏರಿ ಹತ್ತಿದ ಸದ್ದು ಕೇಳಿ ಎಸರಿಗೆ ಹಿಟ್ಟು ಹಾಕ್ತಿದ್ದೆ. ಈಗ ಬೆಕ್ಕಿನಂಗೆ ಬಂದು ನಿಂತ್ಕೋತೀರಿ. ಮೊದಲೇ ಮಾಡಿಟ್ರೆ ಮುದ್ದೆ ಆರೈತೆ ಅಂತ ತಟ್ಟೆ ಸರಿಸಿ ಏಳೋರು ನೀವೇ ಅಲ್ವಾ?”

ಸಾವುಕಾರರು ವಾಪಸ್ ಬಂದಾಗ ಮುಖದಲ್ಲಿ ಕೆಂಡವಿರಲಿಲ್ಲ. “ಬೋರ್ಡು ಇರಲಿ ಕಣಯ್ಯಾ, ನಿನ್ನ ಕೆಲಸ ಗಟ್ಟಿ” ಎಂದರು. ನಾನು ಲಾಳಿಯನ್ನು ಬಿಚ್ಚಿ ಅವರ ಕೈಗಿಡಲು ಹೋದೆ.

ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

“ವಾಪಸ್ ಕಟ್ಟಿಬಿಡು. ಇನ್ನೂ ಸ್ವಲ್ಪ ಜೋರಾಗಿ ಬಡಿಯೋ ಹಂಗೆ ಕಟ್ಟು. ಅವಳಿಗೆ ತಡವಾಗಿ ಕೇಳ್ತು ಅನ್ಸುತ್ತೆ, ನಿನ್ನೆ ಮುದ್ದೇಲಿ ಹಸಿ ಹಿಟ್ಟು ಸಿಕ್ತು.”